ಕುರುಗೋಡಿನ ಹುಡುಗಿಗೆ ಬೇಕಿದ್ದ ಅನುಮತಿ

ಯಾವ ಹುಡುಗಿಯಾದರೂ ಬಂದು "ನಾನು ಸಿಸ್ಟರ್ ಆಗಬೇಕು" ಅಂದರೆ, ಮೊದಲು ಅವಳನ್ನು ಮನೆಗೆ ವಾಪಸ್ ಕಳಿಸುವುದೇ ನನ್ನ ಕೆಲಸವಾಗಿತ್ತು. ಬಳ್ಳಾರಿಯ ಮಿಷನ್ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಕಾನ್ವೆಂಟಿನ ಮುಖ್ಯಸ್ಥೆ ಈ ಇನ್ನೊಂದು ಕೆಲಸವನ್ನೂ ನನ್ನ ಕೊರಳಿಗೆ ಕಟ್ಟಿದರು. ಅವರನ್ನು ಎಲ್ಲರೂ ಮದರ್ ಅನ್ನುತ್ತಿದ್ದರು. ಹೊರದೇಶದವರು, ಪುಸ್ತಕ ಓದಿ ಕನ್ನಡ ಕಲಿತವರು. ಹಳ್ಳಿ ಹುಡುಗಿಯರ ಮಾತು ಅವರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ, ಅವರ ಮಾತು ಹುಡುಗಿಯರಿಗೆ ತಿಳಿಯುತ್ತಿರಲಿಲ್ಲ. ನಡುವೆ ನಾನು. ಯಾರನ್ನು ದೇವರು ನಿಜವಾಗಿ ಕರೆದಿದ್ದಾನೆ, ಯಾರಿಗೆ ಮನೆಯಲ್ಲಿ ಅತ್ತಿಗೆಯ ಜೊತೆ ಜಗಳವಾಗಿದೆ ಅಂತ ನಾನು ಬೇರ್ಪಡಿಸಿ ಹೇಳಬೇಕಿತ್ತು.

ಬರುವವರಲ್ಲಿ ಎಲ್ಲ ತರದವರೂ ಇದ್ದರು. ಒಬ್ಬಳಿಗೆ ಹಲ್ಲುಬ್ಬಿದ ಸೋದರಮಾವನನ್ನು ಕಟ್ಟಿಕೊಳ್ಳುವುದು ಬೇಡವಾಗಿತ್ತು. ಇನ್ನೊಬ್ಬಳಿಗೆ ಸಿಸ್ಟರುಗಳ ಗಂಜಿ ಹಾಕಿದ ಬಿಳಿ ಬಟ್ಟೆಯ ಮೇಲೆ ಮನಸ್ಸು. ಯುದ್ಧ ಮುಗಿದಿದ್ದರೂ ರೇಷನ್ ಮುಗಿದಿರಲಿಲ್ಲ. ಕಾನ್ವೆಂಟಿನಲ್ಲಿ ದಿನಾ ಬ್ರೆಡ್ಡು ಬೆಣ್ಣೆ ಸಿಗುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಬಂದವಳೂ ಇದ್ದಳು. ಅವರನ್ನೆಲ್ಲ ನಾನು ಬೈಯುತ್ತಿರಲಿಲ್ಲ. ಸುಗ್ಗಿ ಮುಗಿಸಿ ಬಾ, ಅಕ್ಕನ ಬಾಣಂತನ ಮಾಡಿ ಬಾ ಅಂತ ಏನೋ ಒಂದು ನೆಪ ಹೇಳಿ ಕಳಿಸುತ್ತಿದ್ದೆ. ಹೆಚ್ಚಿನವರು ವಾಪಸ್ ಬರುತ್ತಿರಲಿಲ್ಲ. ಮುಂದೆ ಕೂಸು ಎತ್ತಿಕೊಂಡು ಎದುರಾದಾಗ ಮುಖ ತಿರುಗಿಸಿ ನಗುತ್ತಿದ್ದರು.

ಈ ಹುಡುಗಿ ಕುರುಗೋಡಿನವಳು. ನಮ್ಮ ಬೋರ್ಡಿಂಗಿನಲ್ಲೇ ಎಂಟನೆಯ ಇಯತ್ತೆ ಓದಿ, ಸಿರುಗುಪ್ಪದ ಮಿಷನ್ ದವಾಖಾನೆಯಲ್ಲಿ ಗಾಯ ತೊಳೆದು ಕಟ್ಟುವ ಕೆಲಸಕ್ಕಿದ್ದಳು. ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಹಿಂದುಗಡೆ ಕೂತು ಬಂದಿದ್ದರಿಂದ ಮುಖದ ತುಂಬ ಮಸಿ. ಒರೆಸಿಕೊಳ್ಳಲೂ ಇಲ್ಲ, ಬಂದವಳೇ ವಿಷಯ ಹೇಳಿದಳು.

"ಯಾಕ ಸಿಸ್ಟರ್ ಆಗಬೇಕವ್ವಾ?" ಅಂದೆ.

"ಗೊತ್ತಿಲ್ರಿ ಟೀಚರಮ್ಮ."

"ಗೊತ್ತಿಲ್ಲಂದ್ರ ಹೆಂಗ? ಮದರ್ ಕೇಳಿದ್ರ ನಾ ಏನ್ ಹೇಳ್ಲಿ?"

"ಕರದಂಗ ಆಗತೈತ್ರಿ. ಯಾಕಂತ ಕರದಾತನ್ನ ಕೇಳಬೇಕು. ನನ್ನ ಕೇಳಿದ್ರ ನಾ ಏನ್ ಹೇಳ್ಲಿ?"

ನನಗೆ ರೇಗಿತು. ಎದುರುತ್ತರ ಕೊಡುವವರು ಕಾನ್ವೆಂಟಿನಲ್ಲಿ ಬಾಳುವುದಿಲ್ಲ. ಶೇಂಗಾ ಕೀಳುವುದು ಮುಗಿದ ಮೇಲೆ ಬಾ ಅಂತ ಅದೇ ಬಸ್ಸಿಗೆ ಹತ್ತಿಸಿದೆ. ಶೇಂಗಾ ಮುಗಿದ ವಾರವೇ ಬಂದಳು, ಅಂಗೈ ಬಿರಿದಿತ್ತು. ಜೋಳದ ಸುಗ್ಗಿ ಆಗಲಿ ಅಂದೆ. ಅದೂ ಆಯಿತು, ಬಂದಳು. ಮೂತಿ ಊದಿಸಿಕೊಳ್ಳಲಿಲ್ಲ, ಅಂಗಲಾಚಲೂ ಇಲ್ಲ. "ಇನ್ನ ಯಾವ ಬೆಳಿ ಉಳದೈತ್ರಿ?" ಅಂತ ಕೇಳಿದಳು. ನಗು ತಡೆದುಕೊಂಡು, ನಿನ್ನ ಕೆಲಸ ನೋಡಲು ನಾನೇ ಸಿರುಗುಪ್ಪಕ್ಕೆ ಬರುತ್ತೇನೆ ಅಂದೆ.

ನನ್ನ ಪದ್ಧತಿಯೇ ಅದು. ಹುಡುಗಿ ಪ್ರಾರ್ಥನೆ ಮಾಡುವುದನ್ನು ನಾನು ನೋಡುವುದಿಲ್ಲ. ಯಾರಾದರೂ ನೋಡುತ್ತಿದ್ದಾರೆ ಅಂದರೆ ಎಲ್ಲರೂ ಚೆನ್ನಾಗಿಯೇ ಮೊಣಕಾಲೂರುತ್ತಾರೆ. ಬೇಸರದ ಕೆಲಸ ಕೊಟ್ಟು, ದೂರ ಕೂತು ನೋಡಬೇಕು. ಸಿರುಗುಪ್ಪದಲ್ಲಿ ಆ ಬೇಸಿಗೆ ನಾರುಹುಣ್ಣಿನ ರೋಗಿಗಳೇ ಹೆಚ್ಚು. ಮೆಟ್ಟಿಲುಬಾವಿಗೆ ಇಳಿದು ನೀರು ಕುಡಿಯುವ ಊರುಗಳಲ್ಲೆಲ್ಲ ಆ ಕಾಟ ಇತ್ತು. ಕಾಲಿನಲ್ಲಿ ಹುಣ್ಣು ಒಡೆದು ಅದರೊಳಗಿಂದ ದಾರದಂಥ ಹುಳ ತಲೆ ಹಾಕುತ್ತದೆ. ಅದರ ತುದಿಯನ್ನು ಕಡ್ಡಿಗೆ ಸುತ್ತಿ, ತಣ್ಣೀರು ಹನಿಸುತ್ತ, ದಿನಕ್ಕೆ ಇಷ್ಟಿಷ್ಟೇ ಸುತ್ತುತ್ತ ಹೊರಗೆ ತರಬೇಕು. ಅವಸರ ಮಾಡಿ ಎಳೆದರೆ ಒಳಗೇ ಹರಿದು ಕಾಲು ಕೀವಾಗುತ್ತದೆ.

ರಾರಾವಿಯಿಂದ ಬಂದಿದ್ದ ಒಬ್ಬ ಮುದುಕ ಅವಳ ಮುಂದೆ ಕಾಲು ಚಾಚಿ ಕೂತು, ಅವಳ ಏಳು ತಲೆಮಾರನ್ನೂ ತೆಲುಗಿನಲ್ಲಿ ಬೈಯುತ್ತಿದ್ದ. ಅವಳು ಕಡ್ಡಿಯನ್ನು ಒಂದು ಸುತ್ತು ತಿರುಗಿಸುವಳು, ನಿಲ್ಲುವಳು, ನೀರು ಹನಿಸುವಳು.

"ಎಳದ ಬಿಡು ಒಮ್ಮಿಗೆ" ಅಂದ ಮುದುಕ, ಕನ್ನಡಕ್ಕೆ ತಿರುಗಿ.

"ಎಳದ್ರ ಹರೀತೈತಿ ತಾತಾ. ಇವತ್ತಿಗಿಷ್ಟ ಸಾಕು. ನಾಳಿ ಬಂದು ಉಳದದ್ದು ಬೈಯ್ಯಿ."

ಮುದುಕನಿಗೇ ನಗು ಬಂತು. ನಾನು ಸಂಜೆಯವರೆಗೆ ಅಲ್ಲೇ ಕೂತಿದ್ದೆ. ಅಂಥ ಕಾಲುಗಳು ಸಾಲಾಗಿ ಬಂದವು, ಅವಳ ಕೈ ಒಂದು ಸಲವೂ ಅವಸರ ಮಾಡಲಿಲ್ಲ. ಇವಳಿಗೆ ಬಂದದ್ದು ಕರೆಯೇ ಅಂತ ನನಗೆ ಖಾತ್ರಿಯಾದದ್ದು ಅಲ್ಲಿ. ಇಂದಿಗೂ ಆ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಮುಂದಿನ ಹೆಜ್ಜೆ ಮನೆಯವರ ಒಪ್ಪಿಗೆ. ಹುಡುಗಿಯ ಮೇಲೆ ಮದುವೆಯ ಮಾತುಕತೆ ಇರಬಾರದು, ಮನೆತನದಲ್ಲಿ ದೊಡ್ಡ ರೋಗ ಇರಬಾರದು, ತಂದೆತಾಯಿಗೆ ಗುಡಿಯಲ್ಲಿ ಮದುವೆಯಾಗಿರಬೇಕು. ನಮ್ಮವರು ಚರ್ಚಿಗೂ ಗುಡಿ ಅಂತಲೇ ಅನ್ನುತ್ತಿದ್ದರು. ಇವನ್ನೆಲ್ಲ ನಾನೇ ಹೋಗಿ ವಿಚಾರಿಸಬೇಕು. ಹುಡುಗಿಯನ್ನು ಕರೆದುಕೊಂಡು ಕುರುಗೋಡಿಗೆ ಹೋದೆ.

ತಾಯಿ ಗಟ್ಟಿ ಹೆಂಗಸು. ಸ್ವಂತ ಹೊಲ, ಸ್ವಂತ ಎತ್ತು, ಮನೆಯಲ್ಲಿ ಗಂಡಸರಿಲ್ಲ. ಮಗಳು ಚಿಕ್ಕವಳಿದ್ದಾಗ ಇಬ್ಬರೂ ಒಟ್ಟಿಗೆ ಜ್ಞಾನಸ್ನಾನ ಪಡೆದು ಕ್ರೈಸ್ತರಾಗಿದ್ದರು. ಕುಡಿಯಲು ಮಜ್ಜಿಗೆ ಕೊಟ್ಟು ಎದುರಿಗೆ ಕೂತರು. ನಾನು ಎಂದಿನಂತೆ ಹುಡುಗಿಯ ತಂದೆಯ ಹೆಸರು ಕೇಳಿದೆ. ಒಂದು ಹೆಸರು ಹೇಳಿದರು. ಅವರು ಯಾವಾಗ ತೀರಿಕೊಂಡರು ಅಂದೆ.

"ಅದು ನಮ್ಮಪ್ಪನ ಹೆಸರ್ರಿ."

"ನಿಮ್ಮಪ್ಪ ಅಲ್ಲ, ಈಕಿ ಅಪ್ಪ."

"ಈಕಿಗೂ ಅದ ಹೆಸರು. ನನಗ ಬಸವಿ ಬಿಟ್ಟಿದ್ರು ಟೀಚರಮ್ಮ. ನಮ್ಮಪ್ಪಗ ಗಂಡುಮಕ್ಕಳಿದ್ದಿಲ್ಲ. ದೇವಿ ಹೆಸರ್ಲೆ ನನಗ ಮುತ್ತು ಕಟ್ಟಿಸಿ, ಮದಿವಿ ಮಾಡಲಾರದ ಮನ್ಯಾಗ ಮಗನಂಗ ಇಟಗೊಂಡ. ಅಂವ ಸತ್ತಾಗ ಬೆಂಕಿ ಹಿಡದಾಕಿ ನಾನ. ಹೊಲ ನನ್ನ ಹೆಸರಿಗೆ ಬಂತು. ನನ್ನ ಮಕ್ಕಳಿಗೆ ನಮ್ಮಪ್ಪನ ಹೆಸರು. ನಮ್ಮ ಓಣ್ಯಾಗ ಹಿಂಗ ಹೇಳೋದು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಅವರ ಓಣಿಯಲ್ಲಿ ಆ ಹುಡುಗಿ ಯಾರಿಗೂ ಕಡಿಮೆಯವಳಲ್ಲ, ಅಜ್ಜನ ಮನೆಯ ವಾರಸುದಾರಳು. ಆದರೆ ನಮ್ಮ ಕಾನ್ವೆಂಟಿನ ನಿಯಮದಲ್ಲಿ ಅವಳು ಮದುವೆಯಿಲ್ಲದೆ ಹುಟ್ಟಿದವಳು. ಅಂಥವರನ್ನು ಸೇರಿಸಿಕೊಳ್ಳುವುದಿಲ್ಲ. ಬಿಷಪ್ಪರ ಮೂಲಕ ಮೇಲಿನವರಿಗೆ ಬರೆದು, ವಿಶೇಷ ಅನುಮತಿ ತರಿಸಿದರೆ ಮಾತ್ರ ಸಾಧ್ಯ. ಆ ನಿಯಮ ನನಗೆ ಗೊತ್ತಿತ್ತು. ಗೊತ್ತಿರುವುದೇ ನನ್ನ ಕೆಲಸ. ತಾಯಿಗೂ ಅದನ್ನು ಬಿಡಿಸಿ ಹೇಳಿದೆ.

ತಾಯಿಗೆ ಇನ್ನೊಂದು ಸಂಕಟವಿತ್ತು. ಮಗಳ ಕಡೆ ನೋಡದೆ ನನಗೆ ಹೇಳಿದರು, "ಈ ಮನಿಯಿಂದ ಒಬ್ಬಾಕಿನ್ನ ದೇವರಿಗೆ ಕೊಟ್ಟದ್ದು ಸಾಲದೇನ್ರಿ?"

ಹುಡುಗಿ ಕಟ್ಟೆಯ ಮೇಲೆ ಕೂತಿದ್ದವಳು ಅಂದಳು, "ನಿನ್ನ ಕೇಳಲಾರದ ಕೊಟ್ರಬೇ. ನಾ ಕೇಳ್ಕೊಂಡು ಹೊಂಟೀನಿ."

ತಾಯಿ ಎದ್ದು ಎತ್ತಿಗೆ ನೀರು ಕುಡಿಸಿ ಬಂದರು. ಆಮೇಲೆ ಒಪ್ಪಿಕೊಂಡರು, ಒಂದು ಕರಾರಿನ ಮೇಲೆ. "ಯಾರಿಗರ ಹೇಳಬೇಕಂದ್ರ ನೀವ ಹೇಳ್ರಿ, ಒಬ್ಬರಿಗೆ ಹೇಳ್ರಿ. ಹತ್ತು ಮಂದಿ ಮುಂದ ನನ್ನ ಮಗಳನ್ನ ನಿಂದ್ರಿಸಿ, ನಿಮ್ಮಪ್ಪ ಯಾರಂತ ಕೇಳಬಾರದು. ಹೇಳದಿದ್ರೂ ನಡೀತೈತಿ, ನಮ್ಮಪ್ಪನ ಹೆಸರು ಹೇಳ್ರಿ. ಯಾರ ಬಂದು ಕೇಳತಾರ ಇಲ್ಲಿ?"

ಬಳ್ಳಾರಿಗೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಅಜ್ಜನ ಹೆಸರು ಹೇಳಿ ಸುಮ್ಮನಿದ್ದರೆ ನಿಜವಾಗಿಯೂ ಯಾರೂ ಕೇಳುತ್ತಿರಲಿಲ್ಲ. ಆದರೆ ನಾಳೆ ಅವಳು ವ್ರತ ತೆಗೆದುಕೊಂಡು, ತಲೆ ನರೆತ ಮೇಲೆ, ಯಾರೋ ಹೊಟ್ಟೆಕಿಚ್ಚಿನವರು ಕುರುಗೋಡಿನಿಂದ ಸುದ್ದಿ ತಂದರೆ? ಮುಚ್ಚಿಟ್ಟು ಸೇರಿದಳು ಅಂತ ಆ ವಯಸ್ಸಿನಲ್ಲಿ ಹೊರಗೆ ಹಾಕಿದರೆ ಎಲ್ಲಿಗೆ ಹೋಗುತ್ತಾಳೆ? ಬಾಗಿಲಲ್ಲೇ ನಿಜ ಹೇಳಿ, ಅನುಮತಿ ಪಡೆದು ಒಳಗೆ ಹೋದರೆ ಮುಂದೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಹೇಳಿಬಿಡುವುದೇ ಸರಿ ಅಂತ ತೀರ್ಮಾನಿಸಿದೆ. ಆ ತೀರ್ಮಾನ ತಪ್ಪು ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ. ಹೇಳಿದ್ದು ತಪ್ಪಲ್ಲ. ಯಾರಿಗೆ ಹೇಳಿದೆನೋ ಅವರು ಅದಕ್ಕೆ ತಕ್ಕವರಾಗಿರಲಿಲ್ಲ, ಅಷ್ಟೆ.

ಮದರ್ ಜೊತೆ ನನಗೆ ಆಗಲೇ ಎಷ್ಟೋ ವರ್ಷದ ಒಡನಾಟ. ನನ್ನ ಗಂಡನ ಮಣ್ಣಿಗೆ ಬಂದು, ಮಣ್ಣು ಹಾಕಿ, ನನ್ನ ಪಕ್ಕದಲ್ಲಿ ಕೂತವರು ಅವರು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ, ತಾಯಿಯ ಕರಾರನ್ನೂ ಸೇರಿಸಿ. ಬಸವಿ ಅಂದರೇನು ಅಂತ ಬಿಡಿಸಿ ಹೇಳಬೇಕಾಯಿತು. ಅವರು ಕಣ್ಣು ಮುಚ್ಚಿ ಕೇಳಿದರು.

"ಈ ಮಾತು ನನ್ನಲ್ಲಿಯೇ ಇರುತ್ತದೆ" ಅಂದರು. "ನಾನು ಬಿಷಪ್ಪರಿಗೆ ಬರೆಯುವೆನು. ಅಷ್ಟರಲ್ಲಿ ಅವಳು ಇಲ್ಲಿ ಬಂದಿರಲಿ."

ನನ್ನ ಕೈ ಹಿಡಿದುಕೊಂಡರು. ಹೊರಗೆ ಬರುವಾಗ ನನಗೆ ಎಷ್ಟು ಹಗುರಾಗಿತ್ತು ಅಂದರೆ, ನೇರ ಗುಡಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದೆ.

ಹುಡುಗಿ ಬಳ್ಳಾರಿಗೆ ಬಂದಳು. ಕಾನ್ವೆಂಟಿನ ಹಿಂದಿನ ಕೋಣೆಯಲ್ಲಿ, ಅವಳಂತೆಯೇ ಸೇರಲು ಬಂದಿದ್ದ ಇನ್ನಿಬ್ಬರ ಜೊತೆ ಇಟ್ಟರು. ಇಲ್ಲಿ ಒಂದಷ್ಟು ಕಾಲ ನೋಡಿ, ಒಪ್ಪಿಗೆಯಾದವರನ್ನು ಮದ್ರಾಸಿನ ಕಡೆಯ ತರಬೇತಿ ಮನೆಗೆ ಕಳಿಸುವುದು ಕ್ರಮ. ಕಳಿಸುವ ಮುಂಚೆ ಪೂಜೆಯಲ್ಲಿ ತಲೆಗೆ ಮುಸುಕು ಹಾಕುತ್ತಾರೆ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಕೆಲಸ, ಸಂಜೆ ನನ್ನ ಹತ್ತಿರ ಓದು. ನಾನು ಅವರಿಗೆ ಸಂತರ ಜೀವನ ಓದಿಸುತ್ತಿದ್ದೆ, ವ್ರತಗಳ ಅರ್ಥ ಹೇಳುತ್ತಿದ್ದೆ. ವಿಧೇಯತೆಯ ವ್ರತ ಬಂದಾಗ ಅವಳೇ ಕೇಳಿದಳು, "ಮದರ್ ತಪ್ಪು ಹೇಳಿದ್ರೂ ಕೇಳಬೇಕೇನ್ರಿ?" ಮದರ್ ತಪ್ಪು ಹೇಳುವುದಿಲ್ಲ ಅಂದೆ. ಆ ಮಾತು ಆಡುವಾಗ ನನಗೆ ಪೂರಾ ನಂಬಿಕೆಯಿತ್ತು.

ಕಾನ್ವೆಂಟಿನ ಆಸ್ಪತ್ರೆಯಲ್ಲಿ ಆಗ ಕೈ ಸಾಲದಾಗಿತ್ತು. ನರ್ಸ್ ಸಿಸ್ಟರ್ ಒಬ್ಬರು ಕಾಯಿಲೆ ಬಿದ್ದು ಬೆಟ್ಟದ ಹವೆಗೆ ಹೋಗಿದ್ದರು. ಅವರ ಜಾಗಕ್ಕೆ ಈ ಹುಡುಗಿಯನ್ನು ಹಾಕಿದರು. ಮಳೆಗಾಲದಲ್ಲಿ ಕಾಲರಾ ಬಂತು. ಉಳಿದಿಬ್ಬರು ಹುಡುಗಿಯರನ್ನು ಅದರ ಹತ್ತಿರ ಬಿಡಲಿಲ್ಲ, ಇವಳೊಬ್ಬಳೇ ತಗಡಿನ ಶೆಡ್ಡಿನಲ್ಲಿ ಉಪ್ಪುನೀರು ಕುಡಿಸುತ್ತ, ವಾಂತಿ ಬಳಿಯುತ್ತ ಇದ್ದಳು. ಮದರ್ ನನ್ನ ಮುಂದೆಯೇ ಅವಳನ್ನು ಹೊಗಳಿದರು. ಅನುಮತಿ ಬಂತೇ ಅಂದರೆ, "ಮೇಲಿನವರ ಕೆಲಸ ನಿಧಾನ" ಅನ್ನುವರು. ಕ್ರಿಸ್‌ಮಸ್ ಕಳೆದ ಮೇಲೆ ಆ ಇಬ್ಬರಿಗೂ ಮುಸುಕು ಹಾಕಿ ರೈಲು ಹತ್ತಿಸಿದರು. ಇವಳು ಅವರ ಟ್ರಂಕು ಹೊತ್ತುಕೊಂಡು ಸ್ಟೇಷನ್ನಿಗೆ ಬಂದಿದ್ದಳು.

"ನಂದು ಯಾವಾಗರಿ?" ಅಂತ ನನ್ನನ್ನು ಕೇಳಿದಳು.

"ಅನುಮತಿ ಬರ್ಲಿ. ನಿನ್ನ ಕಡ್ಡಿ ಸುತ್ತೋದು ನೆನಪೈತಲ್ಲ? ಅವಸರ ಮಾಡಬಾರದು" ಅಂದೆ. ಅವಳು ನಕ್ಕಳು.

ಬೇಸಿಗೆಯಲ್ಲಿ ಮಕ್ಕಳಿಗೆ ದೃಢೀಕರಣ ಸಂಸ್ಕಾರ ಕೊಡಲು ಬಿಷಪ್ಪರು ಬಂದರು. ಜೊತೆಗೆ ಅವರ ಕಾರ್ಯದರ್ಶಿ, ಒಬ್ಬ ವಯಸ್ಸಾದ ಪಾದ್ರಿ. ಬಿಷಪ್ಪರ ಎಲ್ಲ ಕಾಗದಪತ್ರವೂ ಅವರ ಕೈ ದಾಟಿಯೇ ಹೋಗಬೇಕು. ಊಟದ ವ್ಯವಸ್ಥೆ ನನ್ನದಾಗಿತ್ತು. ಪಾದ್ರಿಗಳಿಗೆ ಮೊಸರು ಬಡಿಸುತ್ತ, ಮೆತ್ತಗೆ ಕೇಳಿದೆ, ನಮ್ಮ ಕುರುಗೋಡಿನ ಹುಡುಗಿಯ ಅನುಮತಿ ಎಲ್ಲಿಯವರೆಗೆ ಬಂತು ಅಂತ. ಹುಟ್ಟಿನ ವಿಷಯ ನಾನು ಎತ್ತಲಿಲ್ಲ.

"ಯಾವ ಅನುಮತಿ?" ಅಂದರು.

"ಕಾನ್ವೆಂಟಿಗೆ ಸೇರಿಸಿಕೊಳ್ಳೋದಕ್ಕೆ ವಿಶೇಷ ಅನುಮತಿ. ಮದರ್ ಹೋದ ವರ್ಷವೇ ಬರೆದಿದ್ದಾರಲ್ಲ."

ಅವರು ತುತ್ತು ಕೆಳಗಿಟ್ಟು ಯೋಚಿಸಿದರು. ಒಳ್ಳೆಯ ಮನುಷ್ಯ. "ಬಳ್ಳಾರಿಯಿಂದ ಅಂಥದ್ದೇನೂ ಬಂದಿಲ್ಲವಮ್ಮ. ಬಂದಿದ್ದರೆ ನನಗೆ ಗೊತ್ತಾಗುತ್ತಿತ್ತು. ಅಂಥ ಅನುಮತಿಗಳನ್ನು ನಾವು ತರಿಸಿಕೊಟ್ಟೂ ಇದ್ದೇವೆ" ಅಂದರು.

ನನ್ನ ಕೈಯಲ್ಲಿದ್ದ ಮೊಸರಿನ ಪಾತ್ರೆ ಕೆಳಗಿಟ್ಟೆ. ಉಳಿದವರಿಗೆ ಯಾರು ಬಡಿಸಿದರೋ ಗೊತ್ತಿಲ್ಲ.

ಬಿಷಪ್ಪರ ಕಾರು ಗೇಟು ದಾಟಿದ ಮೇಲೆ ಮದರ್ ಕೋಣೆಗೆ ಹೋದೆ. ಕೂರಿ ಅಂದರು, ಕೂರಲಿಲ್ಲ. ನೀವು ಬಿಷಪ್ಪರಿಗೆ ಬರೆದಿಲ್ಲವಂತೆ ಅಂದೆ. ಅವರು ಅಲ್ಲಗಳೆಯಲಿಲ್ಲ. ಅಲ್ಲಗಳೆದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲವೇನೋ.

"ಬರೆದು ಪ್ರಯೋಜನವೇನು?" ಅಂದರು. "ಅನುಮತಿ ಸಿಕ್ಕಬಹುದು. ಆದರೆ ನಮ್ಮ ಇತರ ಸಹೋದರಿಯರು ಒಳ್ಳೆಯ ಮನೆತನಗಳಿಂದ ಬಂದವರು. ಅಂಥ ತಾಯಿಯ ಮಗಳ ಜೊತೆ ಒಂದೇ ಮೇಜಿನಲ್ಲಿ ಕುಳಿತುಕೊಳ್ಳಲು ಅವರಿಗೆ ಹೇಳಲು ನನ್ನಿಂದ ಆಗದು."

"ಹಾಗಾದರೆ ಮೊದಲನೆಯ ದಿನವೇ ನನಗೆ ಹೇಳಬಹುದಿತ್ತು. ಒಂದು ವರ್ಷ ಯಾಕೆ ಇಟ್ಟುಕೊಂಡಿರಿ?"

"ಆಸ್ಪತ್ರೆಗೆ ಜನ ಬೇಕಾಗಿತ್ತು. ಅವಳ ಕೈ ಒಳ್ಳೆಯದು. ಈಗಲೂ ಇರಲಿ, ಕೆಲಸದವಳಾಗಿ ಇರಲಿ. ನಾನು ಹೋಗೆನ್ನುವುದಿಲ್ಲವಲ್ಲ."

ಇಷ್ಟು ವರ್ಷ ಅವರ ಪುಸ್ತಕದ ಕನ್ನಡ ನನಗೆ ಮುದ್ದಾಗಿ ಕಾಣುತ್ತಿತ್ತು. ಆ ದಿನ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. "ನೀವು ನನಗೆ ಮೋಸ ಮಾಡಿದಿರಿ ಮದರ್" ಅಂದೆ. ನನ್ನ ಬಾಯಿಂದ ಅಂಥ ಮಾತು ಅವರು ಕೇಳಿರಲಿಲ್ಲ. ಮುಖ ಕೆಂಪಗಾಯಿತು. ನೀವು ಈಗ ಹೋಗಬಹುದು ಅಂದರು.

ನಾನು ಹುಡುಗಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತ ಮನೆಗೆ ಹೋದೆ. ಅದೇ ಹೊತ್ತಿನಲ್ಲಿ ಮದರ್ ಅವಳನ್ನು ಹೊಲಿಗೆ ಕೋಣೆಗೆ ಕರೆಸಿದ್ದರು. ಸಿಸ್ಟರುಗಳೆಲ್ಲ ಅಲ್ಲಿ ಕೂತಿದ್ದರು. ಎಲ್ಲರ ಮುಂದೆ ನಿಲ್ಲಿಸಿ, ನಿನ್ನ ತಂದೆ ಯಾರು ಹೇಳು ಅಂದರಂತೆ. ಅವಳು ಅಜ್ಜನ ಹೆಸರು ಹೇಳಿದಳಂತೆ. "ನಿನ್ನ ಟೀಚರಮ್ಮನೇ ಬೇರೆ ಹೇಳಿದ್ದಾರೆ" ಅಂದರಂತೆ. ಇದನ್ನು ನನಗೆ ಹೇಳಿದ್ದು ಹುಡುಗಿಯೇ. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಜಗಲಿಯಲ್ಲಿ ಗಾಯದ ಬಟ್ಟೆ ಮಡಿಸುತ್ತಿದ್ದಳು, ನಾನು ಹೋಗಿ ನಿಂತರೂ ಮಡಿಸುವುದನ್ನು ಬಿಡಲಿಲ್ಲ.

"ನೀವ ಹೇಳಿದ್ರೇನ್ರಿ?"

"ಹೇಳಿದೆ. ಅನುಮತಿಗಂತ ಹೇಳಿದೆ, ಒಬ್ಬರಿಗಷ್ಟ. ನಿಮ್ಮವ್ವ ಹೇಳಿದಂಗ."

"ಒಬ್ಬರಿಗೆ ಹೇಳಿದ್ರಿ. ಹದಿನಾರು ಮಂದಿ ಕುಂತು ಕೇಳಿದ್ರು ಟೀಚರಮ್ಮ."

ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ನಡೆದದ್ದನ್ನೆಲ್ಲ ಅವಳಿಗೆ ಹೇಳಿದೆ. ನಂಬಿದಳು ಅಂತ ಕಾಣುತ್ತದೆ. ನಂಬಿದ್ದರಿಂದ ಅವಳಿಗೆ ಏನೂ ಸಿಗಲಿಲ್ಲ. ಬೇರೆ ಕಾನ್ವೆಂಟುಗಳಿವೆ, ದೂರದಲ್ಲಿವೆ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಆದರೆ ಯಾವ ಕಾನ್ವೆಂಟಾದರೂ ಮೊದಲು ಇದ್ದ ಕಡೆಯ ಮದರನ್ನೇ ಕೇಳುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. ಆ ಭಾನುವಾರ ಪೂಜೆಯಲ್ಲಿ ನಾನು ಪರಮಪ್ರಸಾದಕ್ಕೆ ಏಳಲಿಲ್ಲ. ಮದರನ್ನು ಕ್ಷಮಿಸದೆ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ, ಕ್ಷಮಿಸುವುದು ನನ್ನಿಂದ ಆಗಲಿಲ್ಲ. ಎಲ್ಲರೂ ತಿರುಗಿ ನೋಡಿದರು. ನೋಡಲಿ ಅಂತ ಕೂತಿದ್ದೆ.

ನಾನೇ ಹೇಳಿ ಕಳಿಸಿದ್ದರಿಂದ ತಾಯಿ ಮಗಳನ್ನು ಕರೆದೊಯ್ಯಲು ಕುರುಗೋಡಿನಿಂದ ಬಂದರು. ಅವರನ್ನು ಎದುರಿಸಲು ನನಗೆ ಹೆದರಿಕೆಯಿತ್ತು. ನನ್ನನ್ನು ಅವರು ಬೈಯಲಿಲ್ಲ. ಸೀದಾ ಮದರ್ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತರು, ಹಿಂದೆ ನಾನು.

"ನನ್ನ ಎಂಟು ವರ್ಷಕ್ಕ ದೇವಿಗೆ ಬಿಟ್ರು" ಅಂದರು. "ಆ ದೇವಿ ನನ್ನ ಹುಟ್ಟು ಕೇಳ್ಲಿಲ್ಲ. ನಿಮ್ಮ ಏಸು ಬಡವರ ದೇವರಂತ ಹೇಳಿದ್ರು, ಅದಕ್ಕ ನಾ ಆಕಿನ್ನ ಬಿಟ್ಟು ಬಂದೆ."

ಮದರ್ ನನ್ನ ಕಡೆ ನೋಡಿದರು, ಏನು ಹೇಳಿದರು ಅಂತ ಹೇಳು ಅನ್ನುವ ಹಾಗೆ. ಎಷ್ಟೋ ವರ್ಷ ಅವರಿಗೆ ಹಳ್ಳಿಯವರ ಮಾತು ತಿಳಿಸಿ ಹೇಳುತ್ತ ಬಂದವಳು ನಾನು. ಆ ದಿನ ಹೇಳಲಿಲ್ಲ. ಅವರಿಗೆ ಅದು ತಿಳಿದೇ ಇತ್ತು.

ತಾಯಿಯನ್ನೂ ಮಗಳನ್ನೂ ಬಸ್ಸಿನವರೆಗೆ ಬಿಡಲು ನಾನು ಹೋದೆ. ತಾಯಿ ಮುಂಚೆ ಹತ್ತಿ ಜಾಗ ಹಿಡಿದರು. ಡ್ರೈವರು ಬಸ್ಸಿನ ಹಿಂದಿದ್ದ ಒಲೆಗೆ ಇದ್ದಿಲು ಸುರಿದು ಗಾಳಿ ಹಾಕುತ್ತಿದ್ದ, ಹೊಗೆ ಏಳುತ್ತಿತ್ತು. ಹುಡುಗಿ ಮೆಟ್ಟಿಲ ಹತ್ತಿರ ನಿಂತಳು.

"ಟೀಚರಮ್ಮ, ಒಂದು ಕೇಳ್ಲೇನ್ರಿ? ನನ್ನ ಕರದದ್ದು ಖರೆ ಅಂತ ನಿಮಗ ಈಗ್ಲೂ ಅನಸತೈತೇನು?"

"ಖರೆ" ಅಂದೆ. "ನಾ ಕಂಡ ಹುಡುಗೇರಾಗ ನಿನ್ನಷ್ಟು ಖರೆ ಯಾರದೂ ಇಲ್ಲ."

"ಆತ ಇನ್ನೂ ಕರಿಯಾಕತ್ತ್ಯಾನ್ರಿ. ಸುಮ್ಮನಾಗವಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ಏನಂತ ಓಗೊಡ್ಲಿ?"

ಹುಡುಗಿಯರಿಗೆ ದಾರಿ ಹೇಳುವುದೇ ನನ್ನ ಕೆಲಸ. ಅವಳು ಕಾದಳು. ಕಂಡಕ್ಟರು ಹತ್ತಮ್ಮಾ ಅಂತ ಕೂಗುವವರೆಗೂ ನನ್ನ ಮುಖವನ್ನೇ ನೋಡುತ್ತ ಕಾದಳು. ಆಮೇಲೆ ಹತ್ತಿ ಅವ್ವನ ಪಕ್ಕ ಕೂತಳು.